ನನ್ನ ಜನ್ಮದಿನ ಕಳ್ಳನಿಗೆ ಗೊತ್ತಿತ್ತು

ನಾನು ಅನುಮಾನದ ಮನುಷ್ಯ. ಇದನ್ನು ಒಪ್ಪಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಈ ಕಾಲದಲ್ಲಿ ನಾಲ್ಕು ಕಾಸು ಉಳಿಸಿಕೊಳ್ಳಬೇಕಾದರೆ ಯಾರನ್ನೂ ನಂಬಬಾರದು. ಒಟಿಪಿ ಬಂದರೆ ಹೆಂಡತಿ ಶಾರದೆಗೂ ಕಾಣದಂತೆ ಗೋಡೆಯ ಕಡೆ ತಿರುಗಿ ಓದುತ್ತೇನೆ. ಅಮೃತಹಳ್ಳಿಯ ಜೆರಾಕ್ಸ್ ಅಂಗಡಿಯಲ್ಲಿ ಆಧಾರ್ ಪ್ರತಿ ಮಸುಕಾಗಿ ಬಂದರೆ ಆ ಹಾಳೆಯನ್ನೂ ದುಡ್ಡು ಕೊಟ್ಟು ಮನೆಗೆ ತಂದು, ಚೂರು ಮಾಡಿ, ಅರ್ಧ ಚೂರನ್ನು ಇವತ್ತಿನ ಕಸಕ್ಕೆ, ಉಳಿದರ್ಧವನ್ನು ನಾಳಿನ ಕಸಕ್ಕೆ ಹಾಕುತ್ತೇನೆ. ಕಸದ ಗಾಡಿಯವರು ಕೂತು ಜೋಡಿಸಬಾರದಲ್ಲ.

ಇಂಥ ನನಗೆ ಕಳೆದ ವಾರ ಒಂದು ಫೋನ್ ಬಂತು. "ಸಾರ್, ಬ್ಯಾಂಕಿಂದ ಮಾತಾಡ್ತಿದೀನಿ. ನಿಮ್ಮ ಅಕೌಂಟಿಗೆ ಹೊಸ ಮೊಬೈಲ್ ನಂಬರ್ ಹಾಕ್ಬೇಕು ಅಂತ ರಿಕ್ವೆಸ್ಟ್ ಬಂದಿದೆ. ನೀವೇ ಕಳಿಸಿದ್ರಾ? ನಿಮ್ಮ ಡೇಟ್ ಆಫ್ ಬರ್ತ್ ಹೇಳಿ," ಎಂದಳು ಒಬ್ಬ ಹುಡುಗಿ. ಸಿಕ್ಕಿಬಿದ್ದಳು ಎಂದುಕೊಂಡೆ. ಫೋನ್ ಇಟ್ಟುಬಿಟ್ಟಿದ್ದರೆ ಆಗುತ್ತಿತ್ತು, ಆದರೆ ಕಳ್ಳರಿಗೆ ಬುದ್ಧಿ ಕಲಿಸುವ ಚಪಲ ನನಗೆ. ಶಾಲೆಗೆ ಸೇರಿಸುವಾಗ ಮೇಷ್ಟ್ರು ತಮಗೆ ತೋಚಿದಂತೆ ಬರೆದುಕೊಂಡ ಜೂನ್ ಒಂದೇ ಎಲ್ಲ ದಾಖಲೆಗಳಲ್ಲೂ ನನ್ನ ಜನ್ಮದಿನ. ನಿಜವಾಗಿ ಹುಟ್ಟಿದ್ದು ಗೌರಿ ಹಬ್ಬದ ಹಿಂದಿನ ದಿನ ಎಂದು ಅಮ್ಮ ಹೇಳುತ್ತಿದ್ದಳು. ಪಂಚಾಂಗ ತೆಗೆಸಿ ನೋಡಿದರೆ ಅದು ಸೆಪ್ಟೆಂಬರ್ ಎಂಟು. "ಸೆಪ್ಟೆಂಬರ್ ಎಂಟು ಕಣಮ್ಮ," ಎಂದೆ. ಮೋಸ ಮಾಡಲೆಂದು ನಿಜ ಹೇಳಿದ್ದು ಜೀವನದಲ್ಲಿ ಅದೇ ಮೊದಲು.

ಮಾರನೆಯ ದಿನ ಪಿಂಚಣಿ ತೆಗೆಯಲು ಹೋದರೆ ಎಟಿಎಂ ನನ್ನ ಕಾರ್ಡನ್ನು ಒಲ್ಲೆ ಎಂದಿತು. ನಿವೃತ್ತಿಯಾದಾಗ ಬಂದದ್ದೆಲ್ಲ ಅದೊಂದೇ ಖಾತೆಯಲ್ಲಿತ್ತು. ಶಾರದೆಯನ್ನು ಕರೆದುಕೊಂಡು ಬ್ಯಾಂಕಿಗೆ ಓಡಿದೆ. ಅದೇ ದನಿಯ ಹುಡುಗಿ ಕೌಂಟರಿನ ಹಿಂದೆ ನಿಜವಾಗಿಯೂ ಕೂತಿದ್ದಳು.

"ಸಾರ್, ನಂಬರ್ ಬದಲಾಯಿಸಿ ಅಂದವರು ಡೇಟ್ ಆಫ್ ಬರ್ತು, ತಂದೆ ಹೆಸರು, ಆಧಾರ್ ನಂಬರು ಎಲ್ಲಾ ಕರೆಕ್ಟಾಗಿ ಕೊಟ್ಟಿದಾರೆ. ತಪ್ಪು ಹೇಳಿದ್ದು ನೀವೊಬ್ರೇ. ಅದಕ್ಕೇ ಲಾಕ್ ಮಾಡಿದ್ವಿ. ದುಡ್ಡು ಹಾಗೇ ಇದೆ," ಎಂದಳು. ಹೋದ ಜೀವ ಬಂತು. "ಈ ಡೀಟೇಲ್ಸ್ ಯಾರಿಗಾದ್ರೂ ಕೊಟ್ಟಿದ್ರಾ?"

"ನಾನಾ? ಪ್ರಾಣ ಹೋದ್ರೂ ಕೊಡಲ್ಲ," ಎಂದೆ.

"ಪಾರ್ಕಿನ ವಾಕಿಂಗ್ ಗ್ರೂಪಿಗೆ ಹಾಕಿದ್ರಲ್ರೀ," ಎಂದಳು ಶಾರದೆ.

ಹಾಕಿದ್ದೆ. ಪಾರ್ಕಿಗೆ ಅಪರಿಚಿತರು ಬರಬಾರದು, ಎಲ್ಲರಿಗೂ ಗುರುತಿನ ಚೀಟಿ ಮಾಡಿಸೋಣ ಎಂದು ಹೊರಟವನೇ ನಾನು. ಎಲ್ಲರೂ ಆಧಾರ್ ಕಳಿಸಿ ಎಂದು ವಾಟ್ಸಾಪಿನಲ್ಲಿ ಬರೆದು, ಮಾದರಿಗಿರಲಿ ಎಂದು ನನ್ನದನ್ನೇ ಮೊದಲು ಹಾಕಿದ್ದೆ. ಮಸುಕಾಗಿದೆ ಎಂದು ಯಾರೋ ಹೇಳಿದ್ದಕ್ಕೆ ಸ್ಪಷ್ಟವಾಗಿ ಇನ್ನೊಮ್ಮೆ ಹಾಕಿದೆ. ಆ ಯಾರೋ ಯಾರೆಂದು ಇವತ್ತಿಗೂ ಗೊತ್ತಿಲ್ಲ.

ಲಾಕ್ ತೆಗೆಯಲು ಹುಡುಗಿ ಒಂದು ಫಾರಂ ಕೊಟ್ಟಳು. ಜನ್ಮದಿನಾಂಕದ ಹತ್ತಿರ ನನ್ನ ಪೆನ್ನು ನಿಂತಿತು. "ಜೂನ್ ಒಂದು ಬರೀರಿ," ಎಂದು ಶಾರದೆ ಮೆಲ್ಲಗೆ ಹೇಳಿಕೊಟ್ಟಳು. ಹುಡುಗಿ ತಲೆ ಎತ್ತಿ ನನ್ನನ್ನೊಮ್ಮೆ, ಆಧಾರಿನ ಫೋಟೋವನ್ನೊಮ್ಮೆ ನೋಡಿ, "ಅಮ್ಮಾ, ಇವರು ನಿಮ್ಮ ಯಜಮಾನ್ರೇ ತಾನೇ?" ಎಂದು ಶಾರದೆಯನ್ನು ಕೇಳಿದಳು. ನನಗೆ ಸಿಟ್ಟು ಬರಲಿಲ್ಲ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಶಾರದೆಯ ಆಧಾರನ್ನೂ ಕೇಳುತ್ತಿದ್ದೆ.