ಬೆಣ್ಣೆಯ ಬಲಗಣ್ಣು

ಯಾರಾದರೂ ಅಳುವುದು ಕಂಡರೆ ಕಾರಣ ಕೇಳುವಷ್ಟು ತಾಳ್ಮೆ ನನಗಿಲ್ಲ. ಮೊದಲು ಜೊತೆಗೆ ಅತ್ತುಬಿಡುತ್ತೇನೆ. ಮದುವೆಮನೆಯಲ್ಲಿ ಹೆಣ್ಣು ಒಪ್ಪಿಸಿಕೊಡುವಾಗ, ಹುಡುಗಿಯ ಹೆಸರೂ ಗೊತ್ತಿಲ್ಲದೆ ಸೆರಗು ಒದ್ದೆ ಮಾಡಿಕೊಂಡವಳು ನಾನು. ಹೀಗಿರುವಾಗ, ಅತ್ತೆ ತೀರಿಕೊಂಡ ಕೆಲವು ತಿಂಗಳಿಗೆ ಬೆಣ್ಣೆ ಎಂಬ ಅವರ ಮೊಲದ ಬಲಗಣ್ಣಿನ ಕೆಳಗೆ ತುಪ್ಪಳ ಒದ್ದೆಯಾಗಿ ಅಂಟಿಕೊಂಡಿದ್ದು ಕಂಡರೆ ಸುಮ್ಮನಿರಲಾದೀತೇ? ಚಾಮರಾಜಪೇಟೆಯ ನಮ್ಮ ಮನೆಯ ಹಿತ್ತಿಲ ಕಟ್ಟೆಯ ಮೇಲೆ ಸಂಜೆ ಅದರ ಪಕ್ಕ ಕೂತು, ಅತ್ತೆಯ ಹುಳಿ, ಅತ್ತೆಯ ಕೋಪ, ಅವರು ಸೀರೆ ಮಡಿಸುತ್ತಿದ್ದ ರೀತಿ, ಎಲ್ಲ ಹೇಳಿಕೊಳ್ಳುತ್ತಿದ್ದೆ. ಇಬ್ಬರ ಕಣ್ಣಲ್ಲೂ ನೀರು.

"ಒಂದೇ ಕಣ್ಣಲ್ಲಿ ಅಳ್ತಿದೆಯಲ್ಲೇ, ಅರ್ಧ ದುಃಖಾನಾ?" ಎಂದರು ನಮ್ಮವರು.

"ಅತ್ತೆ ಯಾವಾಗ್ಲೂ ಅದರ ಬಲಗಡೇನೇ ಕೂರ್ತಿದ್ರು ರೀ" ಎಂದೆ.

ಒಂದು ಬೆಳಿಗ್ಗೆ ನೀರಿನ ಬದಲು ಬೆಳ್ಳಗೆ ಕೀವು ಬಂದು ರೆಪ್ಪೆ ಅಂಟಿಕೊಂಡಿತ್ತು. ಮೊಲ ಮುಂಗಾಲಿನಿಂದ ಕಣ್ಣು ಉಜ್ಜುತ್ತಲೇ ಇತ್ತು. ತರಕಾರಿ ಬುಟ್ಟಿಯಲ್ಲಿ ಕೂರಿಸಿಕೊಂಡು ಆಟೋದಲ್ಲಿ ಹನುಮಂತನಗರದ ಪ್ರಾಣಿಗಳ ಡಾಕ್ಟರ ಹತ್ತಿರ ಓಡಿದೆ. ಡಾಕ್ಟರ್ ಹುಡುಗಿ ಕಣ್ಣು ನೋಡಿದವಳೇ ಮೊಲದ ಬಾಯಿ ತೆರೆಸಿ ಟಾರ್ಚ್ ಬಿಟ್ಟಳು.

"ಅತ್ತೇನ ನೆನೆಸ್ಕೊಂಡು ಅಳತ್ತಮ್ಮಾ" ಎಂದೆ.

"ಅಳ್ತಿಲ್ಲ ಆಂಟಿ, ಹಲ್ಲು ಬೆಳೆದಿದೆ. ಅದರ ಬೇರು ಕಣ್ಣೀರಿನ ನಾಳಾನ ಒತ್ತಿ, ಮೂಗಿಗೆ ಇಳೀಬೇಕಾದ ನೀರು ಆಚೆ ಬರ್ತಿದೆ. ಇನ್ನೂ ತಡ ಮಾಡಿದ್ರೆ ಕಣ್ಣೇ ಹೋಗ್ತಿತ್ತು. ಮೊಲದ ಹಲ್ಲು ಬೆಳೀತಾನೇ ಇರತ್ತೆ, ಹುಲ್ಲು ತಿಂತಾ ಇದ್ರೆ ಸವೆಯತ್ತೆ. ಏನು ಕೊಡ್ತೀರಾ?"

ದುಃಖದಲ್ಲಿರುವ ಜೀವಕ್ಕೆ ಹುಲ್ಲು ಹಾಕುತ್ತಾರೆಯೇ? ನೆನೆಸಿದ ಅವಲಕ್ಕಿ, ಬಾಳೆಹಣ್ಣು, ಹಾಲಿನಲ್ಲಿ ಅದ್ದಿದ ಬಿಸ್ಕತ್ತು! ಅತ್ತೆಯಾದರೋ ಒಂದು ದಿನವೂ ಅದನ್ನು ಮುದ್ದಿಸಿದವರಲ್ಲ. ಮಾರ್ಕೆಟ್ಟಿನಿಂದ ಹೊರೆ ಗರಿಕೆ ತಂದು, ಗಣಪತಿಗೆ ನಾಲ್ಕು ಎಸಳು ಏರಿಸಿ, ಮಿಕ್ಕಿದ್ದನ್ನೆಲ್ಲ "ತಿನ್ನು, ಪೀಡೆ" ಎಂದು ಇದರ ಮುಂದೆ ಎಸೆಯುತ್ತಿದ್ದರು.

ಹಲ್ಲು ಸವೆಸಿ, ನಾಳ ತೊಳೆದು, ಹನಿ ಔಷಧ ಕೊಟ್ಟರು. ಕಣ್ಣು ಉಳಿಯಿತು. ಈಗ ಸಂಜೆ ಬೆಣ್ಣೆ ಗರಗರನೆ ಗರಿಕೆ ಅಗಿಯುತ್ತ, ಒಣಗಿದ ಎರಡೂ ಕಣ್ಣುಗಳಿಂದ ನನ್ನನ್ನೇ ನೋಡುತ್ತದೆ. ಜೊತೆಗೆ ಅಳುವವರಿಲ್ಲದೆ ನಾನೊಬ್ಬಳೇ ಅಳಬೇಕು. ಮೊನ್ನೆ ನಮ್ಮವರು ಕಾಫಿ ಲೋಟ ಕೈಗಿಟ್ಟು, ನನ್ನ ಒದ್ದೆ ಕಣ್ಣು ನೋಡಿ ಮೆಲ್ಲಗೆ ಕೇಳಿದರು: "ನಿನ್ ಹಲ್ಲೂ ಒಂದ್ಸಲ ತೋರಿಸ್ಕೊಂಡ್ ಬರೋಣ್ವಾ?"