ನಿನ್ನ ಕೇಳ್ದ ಕಣ್ಲಾ

ನನಗೊಬ್ಬ ಸ್ನೇಹಿತನಿದ್ದಾನೆ. ಅವನ ಬಾಯಿಂದ ಒಂದೇ ಒಂದು ಸುದ್ದಿ ಇದ್ದದ್ದು ಇದ್ದ ಹಾಗೆ ಬಂದದ್ದನ್ನು ನಾನು ಈ ಮೂವತ್ತು ವರ್ಷಗಳಲ್ಲಿ ಕಂಡಿಲ್ಲ. ಹಾಗಂತ ನೀವೇನಾದರೂ ಅವನನ್ನು ಸುಳ್ಳ ಅಂದಿರೋ, ನಿಮಗೂ ನನಗೂ ಜಗಳವೇ ಸರಿ. ಅವನನ್ನು ಬೈಯುವ ಹಕ್ಕು ನಮ್ಮ ಕ್ಲಾಸಿನವರಿಗೆ ಮಾತ್ರ ಉಂಟು.

ನಾವೆಲ್ಲ ಸ್ವಾತಂತ್ರ್ಯ ಬರುವುದಕ್ಕೆ ಮುಂಚೆ ಮೈಸೂರಿನಲ್ಲಿ ಬಿ.ಎ. ಮಾಡಿದವರು, ಒಂದೇ ಹಾಸ್ಟೆಲಿನ ಹುಳಿ ಉಂಡವರು. ಈಗ ಮಂಡ್ಯ, ಮದ್ದೂರು, ಮಳವಳ್ಳಿ ಅಂತ ಹಂಚಿಹೋಗಿದ್ದೇವೆ. ನಾನು ಮಂಡ್ಯದ ಗುತ್ತಲಿನಲ್ಲಿ ಮನೆ ಮಾಡಿಕೊಂಡು ಹೈಸ್ಕೂಲಿನಲ್ಲಿ ಪಾಠ ಹೇಳುತ್ತೇನೆ. ಅವನು ಮಾತ್ರ ಡಿಗ್ರಿ ಕೈಗೆ ಬಂದ ಮಾರನೆಯ ದಿನವೇ ಮದ್ದೂರಿನ ಹತ್ತಿರದ ತನ್ನೂರು ಕೊಪ್ಪಕ್ಕೆ ಹೋಗಿ ಅಪ್ಪನ ಗದ್ದೆಗೆ ಇಳಿದ. ವಾರದಲ್ಲಿ ಆರು ದಿನ ಕಬ್ಬು, ಭತ್ತ, ಎಮ್ಮೆ. ಏಳನೆಯ ದಿನ ನಾವು. ಭಾನುವಾರ ಬೆಳಗಾದರೆ ಬಿಳಿ ಪಂಚೆಯ ಮೇಲೆ ಕಾಲೇಜು ಕಾಲದ ಕರಿ ಕೋಟು ಏರಿಸಿ, ಚೀಲ ಹಿಡಿದು, ಮೊದಲ ಬಸ್ಸಿಗೆ ಯಾರಾದರೊಬ್ಬರ ಮನೆಗೆ ಹೊರಟ ಅಂತಲೇ. ಆ ಕೋಟಿನ ಗುಂಡಿಗಳು ಅವನ ಹೊಟ್ಟೆಯ ಮೇಲೆ ಕೂಡಿ ಎಷ್ಟು ವರ್ಷವಾಯಿತೋ ದೇವರೇ ಬಲ್ಲ.

"ಒಂದು ಕಾರ್ಡು ಬರೆದರೆ ಆಗದೇನೋ?" ಅಂದರೆ, "ಕಾಗ್ದದಲ್ಲಿ ಸುದ್ದಿ ತಣ್ಗಾಗ್ಬುಡ್ತದೆ ಕಣ್ಲಾ" ಅನ್ನುತ್ತಾನೆ. ಜಗಲಿ ಹತ್ತಿದ ಕೂಡಲೇ ನನ್ನ ಹೆಂಡತಿಗೆ ಕೂಗು ಹಾಕುತ್ತಾನೆ: "ತಂಗ್ಯವ್ವಾ, ಕಾಪಿ ಆಗ್ಲಿ. ಸುದ್ದಿ ಬೋ ಅವೆ." ಕಾಫಿಯ ಲೋಟ ಖಾಲಿಯಾಗುವವರೆಗೆ ಮಾತ್ರ ಜಪ್ಪಯ್ಯ ಅಂದರೂ ಬಾಯಿ ಬಿಡುವುದಿಲ್ಲ.

ಬಿಟ್ಟಮೇಲೆ ಕೇಳಬೇಕೆ! ನಮ್ಮ ಮದ್ದೂರಿನ ಕ್ಲಾಸ್‌ಮೇಟು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಇವನ ಬಾಯಲ್ಲಿ ಅವನು ಒಂದು ವರ್ಷ ಯುಗಾದಿಗೆ ಶಿರಸ್ತೇದಾರನಾದ, ಗೌರಿ ಹಬ್ಬದ ಹೊತ್ತಿಗೆ ಸಾಕ್ಷಾತ್ ತಹಸೀಲ್ದಾರನೇ ಆಗಿಬಿಟ್ಟ. ಕೊಪ್ಪದ ಕಡೆಯ ರೈತರು ಪಹಣಿ ತಿದ್ದಿಸಲು ಗುಮಾಸ್ತನ ಮನೆ ಬಾಗಿಲಿಗೇ ಬಂದು ಕೈಮುಗಿದು ನಿಂತರಂತೆ. ಆ ಪಾಪದವನು ನನ್ನ ಹತ್ತಿರ ಗೋಳಾಡಿದ. ನಾನು ಇವನನ್ನು ಕೂರಿಸಿಕೊಂಡು ಚೆನ್ನಾಗಿ ಬೈದೆ.

"ಇವತ್ತಲ್ದಿದ್ರೆ ನಾಳೆ ಆಗ್ದೆ ಇದ್ದಾನಾ? ನಾನು ವಸಿ ಮುಂಚಿತ್ವಾಗಿ ಹೇಳ್ದೆ ಅಷ್ಟೇಯ" ಅಂದ.

ಎರಡು ವರ್ಷಕ್ಕೆ ಗುಮಾಸ್ತನಿಗೆ ನಿಜವಾಗಿಯೂ ಬಡ್ತಿ ಬಂತು. ಅದರ ಕೀರ್ತಿಯನ್ನೂ ಇವನೇ ತೆಗೆದುಕೊಂಡ.

ನನ್ನನ್ನು ಬಿಟ್ಟನೆ? ಪಠ್ಯಪುಸ್ತಕದಲ್ಲಿ ಒಂದು ತಪ್ಪು ಕಂಡು ನಾನು ಇಲಾಖೆಗೆ ಕಾಗದ ಬರೆದಿದ್ದೆ. ಆ ಸುದ್ದಿ ಮಳವಳ್ಳಿ ಮುಟ್ಟುವಷ್ಟರಲ್ಲಿ ಪುಸ್ತಕ ಬರೆದವನೇ ನಾನಾಗಿದ್ದೆ. ಕೇಳಿದರೆ, "ಬರ್ದೋನ್ಗೆ ಕಾಣ್ದಿದ್ದು ನಿಂಗೆ ಕಾಣ್ತಲ್ಲ, ಯಾರ್ಲಾ ದೊಡ್ಡೋನು?" ಅಂದ. ಬೈಯಬೇಕೆಂದಿದ್ದವನು ಅವನಿಗೆ ಇನ್ನೊಂದು ಲೋಟ ಕಾಫಿ ತರಿಸಿದೆ. ಹೊಗಳಿಕೆ ಯಾರಿಗೆ ಬೇಡ ಹೇಳಿ?

ಇನ್ನು ಮಳವಳ್ಳಿಯವನ ವಿಷಯ. ಅವನು ವಕೀಲ, ಹಾಸ್ಟೆಲಿನಲ್ಲಿ ನಾಲ್ಕು ವರ್ಷ ನನ್ನ ಕೋಣೆಯಲ್ಲೇ ಇದ್ದವನು. ಮಗಳ ಮದುವೆಗೆ ನನಗೆ ಅಂಚೆಯಲ್ಲಿ ಲಗ್ನಪತ್ರಿಕೆ ಕಳಿಸಿದ. ಅಂಚೆಯಲ್ಲಿ! ನಮ್ಮ ಕಡೆ ಮನೆಗೆ ಬಂದು, ಹೆಂಗಸರಿಗೆ ಕುಂಕುಮ ಕೊಟ್ಟು ಕರೆಯದಿದ್ದರೆ ಅದು ಕರೆದ ಹಾಗೆಯೇ ಅಲ್ಲ. ನಾನು ಹೋಗಲಿಲ್ಲ. ನಾನು ಬರಲಿಲ್ಲವೆಂದು ಅವನು ಸಿಟ್ಟಾದ. ಮಾತು ಬಿಟ್ಟು ನಾಲ್ಕು ವರ್ಷವಾಯಿತು. ಒಳಗೊಳಗೆ ನನಗೆ ಎಷ್ಟು ಸಂಕಟವಾಗುತ್ತಿತ್ತೆಂದರೆ, ಮಳವಳ್ಳಿಯ ಬಸ್ಸು ಕಂಡರೆ ಮುಖ ತಿರುಗಿಸುತ್ತಿದ್ದೆ.

ಕೊಪ್ಪದವನು ನಮಗಿಬ್ಬರಿಗೂ ಬುದ್ಧಿ ಹೇಳಲು ಬರಲಿಲ್ಲ. ಬಂದಾಗಲೆಲ್ಲ ಹೊರಡುವ ಮುಂಚೆ ಬಾಗಿಲಲ್ಲಿ ನಿಂತು, "ಮಳವಳ್ಳಿಯೋನು ನಿನ್ನ ಕೇಳ್ದ ಕಣ್ಲಾ. ಮಂಡಿನೋವು ಎಂಗದೆ ಅಂದ" ಅನ್ನುವನು. ನಾನು ಕೇಳಿಸದವನಂತೆ ಪೇಪರು ತಿರುವುತ್ತಿದ್ದೆ. ಆದರೆ ಆ ಒಂದು ಮಾತಿಗಾಗಿ ಭಾನುವಾರ ಕಾಯುತ್ತಿದ್ದೆ. ಒಂದು ಸಲ, "ಅವ್ನು ಕೊಟ್ ಕಳ್ಸವ್ನೆ" ಅಂತ ಚೀಲದ ತುಂಬ ಅವರೆಕಾಯಿ ಸುರಿದ. ಅವತ್ತು ನಮ್ಮ ಮನೆಯ ಹಿತಕವರೆ ಸಾರಿಗೆ ಬೇರೆಯೇ ರುಚಿ ಬಂದಿತ್ತು.

ಈಚೆಗೆ ಒಂದು ದಿನ ಮದ್ದೂರಿನ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದೆ. ಪಕ್ಕದಲ್ಲಿ ಬಂದು ಕೂತವರು ಯಾರೆಂದು ನೋಡಿದರೆ ಆ ವಕೀಲನೇ. ಏಳಲಾರೆ, ಕೂರಲಾರೆ. ಕೊನೆಗೆ ನಾನೇ ಗಂಟಲು ಸರಿಮಾಡಿಕೊಂಡೆ.

"ಅವರೆಕಾಯಿ ಚೆನ್ನಾಗಿತ್ತು ಕಣೋ."

"ಯಾವ ಅವರೆಕಾಯಿ?"

"ನೀನು ಕಳಿಸಿದ್ದು."

"ನಾನೆಲ್ಲಿ ಕಳ್ಸಿದ್ದೆ? ನೀನು ಕಳ್ಸಿದ್ದ ಬೆಲ್ಲಕ್ಕೆ ಬದ್ಲು ಏನ್ ಕೊಡಾನ ಅಂತ ನಾನೇ ಯೋಚ್ನೆ ಮಾಡ್ತಿದ್ದೆ."

"ಯಾವ ಬೆಲ್ಲ? ಗುತ್ತಲಿನಲ್ಲಿ ನನಗೆ ಯಾವ ಆಲೆಮನೆ ಇದೆಯೋ?"

ಇಬ್ಬರೂ ಮುಖ ಮುಖ ನೋಡಿಕೊಂಡೆವು. ಅವರೆಕಾಯಿಯೂ ಕೊಪ್ಪದ್ದು, ಬೆಲ್ಲವೂ ಕೊಪ್ಪದ್ದು! ವಕೀಲ ನನ್ನನ್ನು ಒಂದು ದಿನವೂ ಕೇಳಿರಲಿಲ್ಲ, ನಾನು ಅವನನ್ನು ಕೇಳಿರಲಿಲ್ಲ. ನಾಲ್ಕು ವರ್ಷ ನಮ್ಮಿಬ್ಬರ ಬಾಯಲ್ಲಿ ಬರಬೇಕಾದ ಮಾತನ್ನು ಕೊಪ್ಪದವನೊಬ್ಬನೇ ಆಡಿದ್ದ. ಬಸ್‌ಸ್ಟ್ಯಾಂಡಿನ ಜನ ತಿರುಗಿ ನೋಡುವ ಹಾಗೆ ನಕ್ಕೆವು. ಇಂಥವನು ನಮ್ಮ ಕ್ಲಾಸಿನವನು ಅಂತ ಎದೆ ಉಬ್ಬಿತು.

ನಗು ನಿಂತಮೇಲೆ ವಕೀಲ ಮೆಲ್ಲಗೆ ಕೇಳಿದ: "ಅವ್ನ ಮನೆಗೆ ನೀನು ಯಾವಾಗ ಹೋಗಿದ್ದೆ?"

ನಾನು ಹೋಗಿರಲೇ ಇಲ್ಲ. ವಕೀಲನೂ ಹೋಗಿರಲಿಲ್ಲ. ಅವನೇ ಬರುತ್ತಾನಲ್ಲ ಅಂತ ಇದ್ದುಬಿಟ್ಟಿದ್ದೆವು. ಅವನ ಹೆಂಡತಿಯ ಹೆಸರು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ನನಗೆ ನಾಚಿಕೆಯಾಯಿತು. ಹಿಡಿಯಬೇಕಾಗಿದ್ದ ಬಸ್ಸುಗಳನ್ನು ಬಿಟ್ಟು ಕೊಪ್ಪದ ಬಸ್ಸು ಹತ್ತಿದೆವು.

ಅವನು ಕೊಟ್ಟಿಗೆಯ ಮುಂದೆ ಎಮ್ಮೆ ತೊಳೆಯುತ್ತಿದ್ದ. ನಮ್ಮಿಬ್ಬರನ್ನೂ ಒಟ್ಟಿಗೆ ಕಂಡದ್ದೇ ಮುಖ ಬಿಳುಚಿಕೊಂಡಿತು. ಕೈಯಲ್ಲಿದ್ದ ಚೊಂಬನ್ನು ಕೆಳಗಿಟ್ಟ.

"ಯಾರ್ಲಾ ಓಗ್ಬುಟ್ರು?" ಅಂದ.

ನಾವು ತನ್ನ ಮನೆಗೆ ಬರುವುದೆಂದರೆ ಯಾರೋ ಸತ್ತಿರಬೇಕು ಅಂತ ಅವನು ತಿಳಿದಿದ್ದ.

"ಯಾರೂ ಹೋಗಿಲ್ಲ ಕಣ್ಲಾ" ಅಂದ ವಕೀಲ. "ನಿನ್ನ ನೋಡ್ಕೊಂಡು ಹೋಗಾನ ಅಂತ ಬಂದೊ."

"ನನ್ನಾ? ಬರೀ ನನ್ನ ನೋಡಕ್ಕಾ?"

ಹೂಂ ಅಂದೆವು. ಅವನು ನಮ್ಮನ್ನು ಕೂರಿಸುವುದನ್ನೂ ಮರೆತು, ಒದ್ದೆ ಕೈಯಲ್ಲೇ ಬೀದಿಗೆ ನಡೆದ. ಎದುರು ಜಗಲಿಯಲ್ಲಿ ರಾಗಿ ಕೇರುತ್ತಿದ್ದ ಮುದುಕಿಯನ್ನು ಕೂಗಿದ.

"ಯಮ್ಮೋ, ಇಲ್ನೋಡು. ನನ್ ಕ್ಲಾಸ್‌ಮೇಟ್‌ಗಳು ಕಣಮ್ಮ. ನನ್ನ ನೋಡಕ್ಕೆ ಬಂದವ್ರೆ."

ಮುದುಕಿ ಮೊರ ಕೆಳಗಿಟ್ಟು, ಹಣೆಗೆ ಕೈ ಅಡ್ಡ ಹಿಡಿದು ನಮ್ಮನ್ನು ನೋಡಿದಳು. "ಏನ್ ಕೆಲ್ಸದಲ್ಲವ್ರಪ್ಪ?" ಅಂದಳು.

ಇವನ ಬಾಯಲ್ಲಿ ವಕೀಲ ಇನ್ನೇನು ಹೈಕೋರ್ಟ್ ಜಡ್ಜ್ ಆಗುತ್ತಾನೆ ಅಂತ ನಾನು ಕಾದೆ.

"ಏನೋ ಒಂದ್ ಮಾಡ್ಕೊಂಡವ್ರೆ ಬುಡಮ್ಮ" ಅಂದ ಅವನು, ಕಣ್ಣೊರೆಸಿಕೊಳ್ಳುತ್ತಾ. "ನನ್ನ ನೋಡಕ್ಕೆ ಬಂದವ್ರೆ."