ನನ್ನ ಭಾಷಣದ ನಡುವೆ ವೇದಿಕೆ ಇಳಿದು ಹೋಗುವ ಟಗರಿಗೆ

ಯಗಟಿಯಿಂದ ಹೊನ್ನೇಶನ ಲಗೇಜ್ ಆಟೋದಲ್ಲಿ ಅಜ್ಜಂಪುರಕ್ಕೆ ದಯಮಾಡಿಸಿ, ನಮ್ಮ ‘ಸಮಪಾಲು’ ತಂಡದ ನಾಟಕದಲ್ಲಿ ಟಗರಿನ ಪಾತ್ರವನ್ನೇ ವಹಿಸಲು ಒಪ್ಪಿಕೊಂಡಿರುವ ಮಾನ್ಯರೇ,

ತಮ್ಮ ಉಣ್ಣೆಗೂ ಗಾಂಭೀರ್ಯಕ್ಕೂ ತರೀಕೆರೆಯ ಸಂಘಮಿತ್ರಾಳ ನಮಸ್ಕಾರಗಳು. ಮೆಲುಕು ಹಾಕುವ ಬಿಡುವಿನಲ್ಲಿ ಈ ನನ್ನ ದೂರನ್ನು ಆಲಿಸಬೇಕಾಗಿ ಕೋರುತ್ತೇನೆ.

ತಮಗೆ ತಿಳಿದಿರುವಂತೆ ನಮ್ಮ ತಂಡಕ್ಕೆ ನಿರ್ದೇಶಕರಿಲ್ಲ, ಬರೆದಿಟ್ಟ ನಾಟಕವೂ ಇಲ್ಲ. ತಂಡದ ಪ್ರಜ್ಞಾಳ ಅಜ್ಜಿ ಕುರಿ ಮೇಯಿಸುತ್ತಿದ್ದ ಗೋಮಾಳಕ್ಕೆ ಬೇಲಿ ಬಿದ್ದ ಕಥೆಯನ್ನು, ಖಾಲಿ ಈರುಳ್ಳಿ ಗೋದಾಮೊಂದರಲ್ಲಿ, ಎಲ್ಲರೂ ಸೇರಿ ಆಡುತ್ತಾ ಆಡುತ್ತಾ ಕಟ್ಟುತ್ತಿದ್ದೇವೆ. ಆಡುವಾಗ ದೃಶ್ಯ ಸುಳ್ಳೆನಿಸಿದವರು ಜಗಳ ಮಾಡದೆ ವೇದಿಕೆಯಿಂದ ಇಳಿಯಬೇಕು, ಒಬ್ಬರು ಇಳಿದರೂ ಆ ದೃಶ್ಯವನ್ನು ಹೊಸದಾಗಿ ಕಟ್ಟಬೇಕು ಎಂಬ ನಿಯಮವನ್ನು ಯಾವುದೋ ಕಿರುಹೊತ್ತಿಗೆಯಲ್ಲಿ ಓದಿ ತಂದವಳು ನಾನೇ. ವೇದಿಕೆ ಹತ್ತಿದ ಮೇಲೆ ಎಲ್ಲರೂ ಸಮಾನರು, ಟಗರನ್ನೂ ಸೇರಿಸಿ, ಎಂದು ಮೇಜು ಗುದ್ದಿ ಹೇಳಿದವಳೂ ನಾನೇ. ಆಗಿನ್ನೂ ತಮ್ಮ ಪರಿಚಯವಾಗಿರಲಿಲ್ಲ.

ಈ ನಾಟಕದಲ್ಲಿ ನಾನು ಮಾಡುವ ಭಾಷಣವನ್ನು ತಾವು ಪೂರ್ತಿ ಕೇಳಿಲ್ಲವಾದ್ದರಿಂದ ಸಾರಾಂಶ ತಿಳಿಸುತ್ತೇನೆ: ಮೊದಲು ಭೂಒಡೆತನದ ಚರಿತ್ರೆ, ನಂತರ ಬಂಡವಾಳದ ಸ್ವರೂಪ, ಸಮಯ ಉಳಿದರೆ ಮನುಕುಲದ ಬಿಡುಗಡೆ. ಮೊದಲ ತಾಲೀಮಿನಲ್ಲಿ ಎಲ್ಲರ ಕಣ್ಣಲ್ಲೂ ನೀರು ಬಂದಿತ್ತು. ಗೋದಾಮಿನ ಈರುಳ್ಳಿ ಸಿಪ್ಪೆ ಗುಡಿಸಿದ ಮೇಲೆ ಬರಲಿಲ್ಲ. ತಾವಂತೂ ‘ಉತ್ಪಾದನಾ ಸಂಬಂಧಗಳು’ ಎಂಬ ಪದ ಕಿವಿಗೆ ಬೀಳುತ್ತಿದ್ದಂತೆ ಬಹಳ ಸಭ್ಯವಾಗಿ ಇಳಿದು ಹೋದಿರಿ. ಆ ಪದವನ್ನು ಕೊನೆಗೆ ತಳ್ಳಿದೆ. ತಾವು ಆರಂಭದಲ್ಲೇ ಇಳಿದಿರಿ. ಹುರುಳಿ ತಂದಿಟ್ಟೆ, ಒಂದು ಕಾಳೂ ಬಿಡದೆ ತಿಂದು ಇಳಿದಿರಿ. ಆದರೆ ಪ್ರಜ್ಞಾ ತುಟಿ ಬಿಚ್ಚದೆ ಬೇಲಿಯುದ್ದಕ್ಕೂ ನಡೆಯುವ ದೃಶ್ಯದಲ್ಲಿ ಮಾತ್ರ ತಾವು ಕದಲದೆ ನಿಲ್ಲುತ್ತೀರಿ. ಅವಳು ಸೆರಗಿನಲ್ಲಿ ಹುರುಳಿ ಕಟ್ಟಿಕೊಂಡಿದ್ದಾಳೆಯೇ ಎಂದು ಪರೀಕ್ಷಿಸಿದ್ದೇನೆ. ಇರಲಿಲ್ಲ.

ಪಶುವಿಗೆ ವಿಮರ್ಶಾಶಕ್ತಿ ಇರುವುದಿಲ್ಲ, ಆದ್ದರಿಂದ ಟಗರು ಇಳಿದದ್ದು ಲೆಕ್ಕಕ್ಕಿಲ್ಲ ಎಂದು, ಸಮಾನತೆಯ ಬಗ್ಗೆ ಅಷ್ಟೆಲ್ಲ ಓದಿಕೊಂಡ ನಾನು, ತಂಡದ ಮುಂದೆ ವಾದಿಸಿದೆ. ಹೊನ್ನೇಶ್ ತಮ್ಮ ಬೆನ್ನು ಸವರುತ್ತಾ ಹೇಳಿದ: “ನಿನ್ನ ರೂಲ್ ಪಾಲಿಸ್ತಿರೋನು ಇವನೊಬ್ಬನೇ ಕಣಕ್ಕ. ಇವನ್ನೂ ಓಡಿಸ್ತೀಯಾ?” ಉಳಿದವರೆಲ್ಲ ನೆಲ ನೋಡಿದರು. ಅವರು ಇಷ್ಟು ದಿನ ನಿಂತಿದ್ದದ್ದು ಭಾಷಣ ಮೆಚ್ಚಿ ಅಲ್ಲ, ನನಗೆ ಹೆದರಿ ಎಂದು ಆ ನೋಟದಿಂದಲೇ ತಿಳಿಯಿತು.

ಕಳೆದ ಭಾನುವಾರ ತಾವು ಮತ್ತೆ ಹೊರಟಾಗ ನನ್ನ ತಾಳ್ಮೆ ಹೋಗಿ, ಚರಿತ್ರೆಯನ್ನು ಅರ್ಧಕ್ಕೆ ಬಿಟ್ಟು, ತಮ್ಮ ಬೆನ್ನಿಗೆ ಏಕವಚನದಲ್ಲಿ ಬೈದೆ: “ಎಲ್ಲಿಗೆ ಹೋಗ್ತೀಯೋ? ಹುಲ್ಲಿರೋ ಕಡೆಗೆಲ್ಲ ಬೇಲಿ ಹಾಕ್ಬಿಟ್ಟವ್ರೆ. ಇನ್ನೆಲ್ಲಿಗೆ ಹೋಗ್ತೀಯಾ?” ತಾವು ನಿಂತಿರಿ. ತಿರುಗಿಯೂ ನೋಡಿದಿರಿ. ಪ್ರಜ್ಞಾ ಕೂತಲ್ಲಿಂದ ಎದ್ದು ಬಂದು ನನ್ನ ಪಕ್ಕ ನಿಂತಳು. ತಂಡವು ಆ ಬೈಗುಳವನ್ನು ಉಳಿಸಿಕೊಂಡು ಭಾಷಣವನ್ನು ಕೈಬಿಡಲು ತೀರ್ಮಾನಿಸಿತು. ಎಲ್ಲರೂ ಕೈ ಎತ್ತಿದರು. ನಾನೂ ಎತ್ತಿದೆ, ಸ್ವಲ್ಪ ತಡವಾಗಿ.

ಆದುದರಿಂದ ತಾವು ಕೃಪೆಮಾಡಿ ಒಂದು ಸಂಜೆ ಬಿಡುವು ಮಾಡಿಕೊಂಡು, ಕೈಬಿಟ್ಟ ಭಾಷಣವನ್ನು ನಿಂತು ಪೂರ್ತಿ ಕೇಳಬೇಕು. ಹಿಡಿಸದಿದ್ದರೆ ಕಾರಣಗಳನ್ನು ಬರಹದಲ್ಲಿ ತಿಳಿಸಬೇಕು. ಹಾಗೆಯೇ ನನ್ನ ಕಣ್ಣೆದುರೇ ವೇದಿಕೆ ಇಳಿಯುವ ಧೈರ್ಯವನ್ನು ನನ್ನ ಗೆಳೆಯರಿಗೂ ಕಲಿಸಿಕೊಡಬೇಕು. ಕೊನೆಯದನ್ನು ನಾನೇ ಕಲಿಸಬಹುದಿತ್ತು, ಆದರೆ ನಾನು ಕಲಿಸಲು ಹೊರಟರೆ ಅದೂ ಭಾಷಣವಾಗುತ್ತದೆ.

ಸದ್ಯಕ್ಕೆ ಒಂದು ಬೈಗುಳದಷ್ಟೇ ಪಾತ್ರ ಉಳಿದಿರುವ,
ತಮ್ಮ ವಿಶ್ವಾಸಿ,
ಸಂಘಮಿತ್ರಾ

ಮರೆತ ಮಾತು: ಕಡೂರಿನ ಪ್ರದರ್ಶನಕ್ಕೆ ಆ ಗೋಮಾಳಕ್ಕೆ ಬೇಲಿ ಹಾಕಿಸಿದವರೇ ಮುಖ್ಯ ಅತಿಥಿಗಳಾಗಿ ಬರುತ್ತಿದ್ದಾರೆ. ನಾಟಕ ಪ್ರಾಣಿದಯೆಯ ಬಗ್ಗೆ ಎಂದು ಅವರಿಗೆ ಹೇಳಿದ್ದೇವೆ. ನನ್ನ ಸಾಲು ಕೇಳಿ ಅವರು ಎದ್ದು ಬಾಗಿಲ ಕಡೆ ಹೊರಟರೆ, ದಯವಿಟ್ಟು ತಾವೂ ಇಳಿದು ಹಿಂದೆಯೇ ಹೋಗಿ ಬೀಳ್ಕೊಡಬೇಕು. ತಮ್ಮ ಹಗ್ಗ ಬಿಚ್ಚಿಡಲು ಹೊನ್ನೇಶನಿಗೆ ಹೇಳಿದ್ದೇನೆ.